ದಾನ ಕೊಟ್ಟ ಎದೆಯುರಿ

ನಾಲಿಗೆ ಮೇಷ್ಟ್ರು ಅವತ್ತು ಬೆಳಗ್ಗೆ ಕೈಗೊಂದರಂತೆ ಎರಡು ಇಟ್ಟಿಗೆ ಹಿಡಿದುಕೊಂಡು ತಮ್ಮ ಬೀದಿಯಲ್ಲಿ ನಡೆದು ಬರದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇಟ್ಟಿಗೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದರೂ ಸಾಕಿತ್ತು. ಆದರೆ ಮೇಷ್ಟ್ರ ಸ್ವಭಾವವೇ ಹಾಗೆ. ಹೊರಡುವಾಗ ಚೀಲ ಮರೆಯುತ್ತಾರೆ, ವಾಪಸು ಬಂದು ಚೀಲ ಕೊಡಲಿಲ್ಲವೆಂದು ಹೆಂಡತಿಯ ಮೇಲೆ ರೇಗುತ್ತಾರೆ.

ಮೇಷ್ಟ್ರು ಅಂದಕೂಡಲೇ ಪಾಠ ಹೇಳುವವರು ಅಂದುಕೊಳ್ಳಬೇಡಿ. ಅವರು ಸಾಸ್ ಕಾರ್ಖಾನೆಯಲ್ಲಿ ರುಚಿ ನೋಡುವವರು. ಟೊಮೆಟೊ ಸಾಸಾಗಲಿ, ಮೆಣಸಿನಕಾಯಿ ಸಾಸಾಗಲಿ, ಕೊಪ್ಪರಿಗೆಯಿಂದ ಇಳಿದ ಮೊದಲ ಚಮಚ ಅವರ ಬಾಯಿಗೆ. ಅವರು ತಲೆಯಾಡಿಸಿದರೆ ಸಾಸು ಬಾಟಲಿಗೆ ಹೋಗುತ್ತದೆ, ಹುಬ್ಬು ಗಂಟಿಕ್ಕಿದರೆ ಮತ್ತೆ ಕೊಪ್ಪರಿಗೆಗೆ. ಆ ನಾಲಿಗೆಯ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆಯೆಂದರೆ, ಅವರ ಸ್ವಂತ ಹೆಸರನ್ನು ಕಾರ್ಖಾನೆ ಯಾವತ್ತೋ ಮರೆತುಬಿಟ್ಟಿತ್ತು. ಹೆಂಡತಿ ಕೂಡ ಒಮ್ಮೊಮ್ಮೆ ತಮಾಷೆಗೆ ಮೇಷ್ಟ್ರೇ ಎಂದು ಕರೆಯುವುದುಂಟು.

ರುಚಿ ನೋಡುವವರು ಸಾಮಾನ್ಯವಾಗಿ ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಆಡಿಸಿ, ಉಗುಳುತ್ತಾರೆ. ಅದಕ್ಕೆಂದೇ ರುಚಿ ಕೋಣೆಯಲ್ಲಿ ಒಂದು ಸ್ಟೀಲ್ ಬಕೆಟ್ ಇದೆ. ನಮ್ಮ ಮೇಷ್ಟ್ರು ಮಾತ್ರ ನುಂಗುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಿನ ದೊಡ್ಡ ಯಜಮಾನರು ಇವರು ಉಗುಳುವುದನ್ನು ಕಂಡು, "ಏನಯ್ಯಾ, ಗಿರಾಕಿ ಉಗೀತಾನೇನು? ನುಂಗ್ತಾನೆ. ನೀನೂ ನುಂಗಿ ನೋಡು. ಖಾರದ ಬಂಡವಾಳ ಗೊತ್ತಾಗೋದು ಗಂಟಲು ದಾಟಿದ ಮೇಲೆ" ಅಂದಿದ್ದರು. ಯಜಮಾನರು ತೀರಿಕೊಂಡರು, ಅವರ ಮಗಳು ಮೇಡಂ ಆಗಿ ಬಂದರು, ರುಚಿ ಕೋಣೆಗೆ ಬಿಳಿ ಟೈಲ್ಸು ಬಂತು. ಮೇಷ್ಟ್ರು ಮಾತ್ರ ನುಂಗುತ್ತಲೇ ಇದ್ದರು.

ಹೀಗೆ ವರ್ಷಾನುಗಟ್ಟಲೆ ನುಂಗಿದ್ದು ಈಗ ಕೆಲವು ತಿಂಗಳಿಂದ ತಿರುಗಿ ಬರತೊಡಗಿತ್ತು. ಊಟವಾಗಿ ಮಲಗಿದರೆ ಎದೆಯ ನಡುವೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಹೋದ ಹಾಗೆ ಉರಿ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಬಾಯಿಗೆ ಹುಳಿ ನೀರು. ಹೆಂಡತಿ ಕೈಹಿಡಿದು ಎಳೆದುಕೊಂಡು ಹೋಗಿ ಹಿಂದಿನ ಸಂಜೆ ಡಾಕ್ಟರಮ್ಮನ ಮುಂದೆ ಕೂರಿಸಿದ್ದಳು. ಡಾಕ್ಟರಮ್ಮ ಮೊದಲು ಇಸಿಜಿ ಮಾಡಿಸಿ, ಹೃದಯಕ್ಕೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ವಿಚಾರಣೆ ಶುರುಮಾಡಿದರು.

"ಏನ್ ಕೆಲಸ ಮಾಡ್ತೀರಿ?"

"ಸಾಸ್ ರುಚಿ ನೋಡ್ತೀನಿ."

"ರುಚಿ ನೋಡಿ ಉಗೀತೀರಿ ತಾನೇ?"

"ಛೆ ಛೆ! ನುಂಗ್ತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. "ನೋಡಿ, ಅನ್ನ ಇಳಿಯೋ ನಾಳಕ್ಕೂ ಹೊಟ್ಟೆಗೂ ಮಧ್ಯೆ ಒಂದು ಬಾಗಿಲಿದೆ ಅನ್ಕೊಳ್ಳಿ. ಒಳಗೆ ಬಿಟ್ಟು ಮುಚ್ಚಿಕೊಳ್ಳೋದು ಅದರ ಕೆಲಸ. ನಿಮ್ಮದು ಸಡಿಲ ಆಗಿದೆ, ಹೊಟ್ಟೆಯೊಳಗಿನ ಹುಳಿ ಮೇಲಕ್ಕೆ ನುಗ್ತಾ ಇದೆ. ಹುಳಿ ತಡೆಯೋ ಒಳಪದರ ಹೊಟ್ಟೆಗಿದೆ, ನಾಳಕ್ಕಿಲ್ಲ. ಅದಕ್ಕೇ ಉರಿ. ಖಾರ, ಹುಳಿ, ಕರಿದದ್ದು ಕಮ್ಮಿ ಮಾಡಿ. ಮೊದಲು ಆ ನುಂಗೋದು ನಿಲ್ಲಿಸಿ."

"ಮಾತ್ರೆ ಕೊಟ್ಟುಬಿಡಿ ಡಾಕ್ಟ್ರೇ, ನುಂಗೋ ವಿಷಯ ಆಮೇಲೆ ನೋಡೋಣ."

"ಮಾತ್ರೆ ಕೊಡ್ತೀನಿ. ಅದನ್ನೊಂದನ್ನೇ ನುಂಗಿ" ಎಂದು ಡಾಕ್ಟರಮ್ಮ ಬರೆದುಕೊಟ್ಟರು. "ರಾತ್ರಿ ಊಟ ಬೇಗ ಮಾಡಿ, ಮಾಡಿದ ತಕ್ಷಣ ಉರುಳಿಕೊಳ್ಳಬೇಡಿ. ಬೆಲ್ಟು ಇಷ್ಟು ಬಿಗಿಯಾಗಿ ಕಟ್ಟಬೇಡಿ. ಮಂಚದ ತಲೆ ಕಡೆಯ ಎರಡು ಕಾಲಿಗೂ ಒಂದೊಂದು ಇಟ್ಟಿಗೆ ಕೊಡಿ, ಎರಡೂ ಒಂದೇ ಎತ್ತರ ಇರಲಿ. ದಿಂಬು ಪೇರಿಸಿದ್ರೆ ಆಗಲ್ಲ, ಹೊಟ್ಟೆ ಮಡಚಿಕೊಂಡು ಇನ್ನೂ ಜಾಸ್ತಿ ಆಗುತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಮೇಷ್ಟ್ರು ಹೆಂಡತಿಗೆ ಒಂದೇ ಮಾತು ಹೇಳಿದರು. "ಈ ವಿಷಯ ಹೊರಗೆ ಹೋಗಬಾರದು ಕಣೇ." ಅದಕ್ಕೆ ಕಾರಣವಿತ್ತು. ಇವರಿಗಿಂತ ಮೊದಲಿದ್ದ ರುಚಿಗಾರರಿಗೆ ಒಮ್ಮೆ ನೆಗಡಿಯಾಗಿ ವಾಸನೆಯೇ ಹೊರಟುಹೋಯಿತು. ಮಾರನೆಯ ವಾರವೇ ಅವರನ್ನು ಮುಚ್ಚಳದ ವಿಭಾಗಕ್ಕೆ ಹಾಕಿದರು. ದಿನವಿಡೀ ಬಾಟಲಿಗೆ ಮುಚ್ಚಳ ತಿರುಗಿಸುತ್ತಾ, ಯಾರಾದರೂ ಆ ಕಡೆ ಬಂದರೆ ಮುಖ ಗೋಡೆಗೆ ಮಾಡಿಕೊಳ್ಳುತ್ತಿದ್ದ ಆ ಮನುಷ್ಯನನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರು. ರುಚಿ ಕೋಣೆಯ ಆ ಎತ್ತರದ ಕುರ್ಚಿ, ಆ ಬಿಳಿ ಕೋಟು ಹೋದರೆ ತಾವು ಯಾರು ಎಂಬುದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾಲಿಗೆ ಇಲ್ಲದ ಮೇಲೆ ನಾಲಿಗೆ ಮೇಷ್ಟ್ರು ಎಲ್ಲಿಂದ ಬರಬೇಕು?

ಇನ್ನು ಇಟ್ಟಿಗೆಯ ಕಡೆ ಬರೋಣ. ಬೀದಿಯ ತುದಿಯಲ್ಲಿ ಕಾಂಪೌಂಡ್ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕೇಳಿ ಎರಡು ಇಟ್ಟಿಗೆ ಆರಿಸಿಕೊಂಡು ಮೇಷ್ಟ್ರು ಬರುತ್ತಿದ್ದರೆ, ಎದುರು ಮನೆಯ ಮೆಟ್ಟಿಲ ಮೇಲೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ರೇಡಿಯೋ ನಿಂತಿದ್ದ. ಕಾರ್ಖಾನೆಯ ಸ್ಟೋರ್ ಕೀಪರಿಗೆ ಎಲ್ಲರೂ ಇಟ್ಟ ಹೆಸರು ಅದು. ಸುದ್ದಿಯನ್ನು ಬಿತ್ತರಿಸುವುದರಲ್ಲಿ ಅವನಿಗಿದ್ದ ಶ್ರದ್ಧೆ ಸ್ಟೋರಿನ ಮೇಲೆ ಇದ್ದಿದ್ದರೆ ಒಂದು ಖಾಲಿ ಬಾಟಲಿಯೂ ಕಳೆದುಹೋಗುತ್ತಿರಲಿಲ್ಲ.

"ಏನ್ ಮೇಷ್ಟ್ರೇ, ಬೆಳಗ್ಗೆ ಬೆಳಗ್ಗೆ ಇಟ್ಟಿಗೆ?"

"ಏನಿಲ್ಲ, ಸುಮ್ನೆ."

"ಇಟ್ಟಿಗೆ ಯಾರಾದ್ರೂ ಸುಮ್ನೆ ತರ್ತಾರಾ? ಹೂವಾ ಅದು?"

ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲು ಅಲ್ಲಾಡುತ್ತಿದೆ ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬೀದಿಗೆಲ್ಲ ಕೇಳುವಂತೆ ಬಂತು. "ತಂದ್ರಾ? ಎರಡೂ ಒಂದೇ ಎತ್ತರ ಇದ್ಯಾ ನೋಡಿ, ಡಾಕ್ಟರಮ್ಮ ಹೇಳಿದಾರೆ!"

ರೇಡಿಯೋ ಬ್ರಷ್ ಹೊರಗೆ ತೆಗೆದ. "ಡಾಕ್ಟರಮ್ಮ? ಇಟ್ಟಿಗೆ? ಓಹೋ! ನಮ್ಮ ಭಾವನ ಮಂಚಕ್ಕೂ ಇಟ್ಟಿದಾರೆ. ಎದೆಯುರಿ ಅಲ್ವಾ?" ಆಮೇಲೆ ಎರಡು ಮೆಟ್ಟಿಲು ಇಳಿದು ಬಂದು ದನಿ ತಗ್ಗಿಸಿದ. "ಜೋಪಾನ ಮೇಷ್ಟ್ರೇ. ನಿನ್ನೆ ಸಂಜೆ ಮೇಡಂ ಅಕೌಂಟೆಂಟ್ ಹತ್ರ ಹೇಳ್ತಿದ್ದಿದ್ದನ್ನ ನನ್ನ ಕಿವಿಯಾರೆ ಕೇಳಿದೀನಿ. ರುಚಿ ಕೋಣೇಲಿ ಯಾರಿಗೆ ಎದೆಯುರಿ ಇದೆ, ನಾಳೆ ಮಧ್ಯಾಹ್ನದೊಳಗೆ ನನಗೆ ಗೊತ್ತಾಗ್ಬೇಕು ಅಂದ್ರು. ಯಾಕೆ ಅಂತ ಹೇಳ್ಲಿಲ್ಲ."

ಯಾಕೆ ಅಂತ ಹೇಳಬೇಕಾದ ಅಗತ್ಯವೂ ಮೇಷ್ಟ್ರಿಗೆ ಕಾಣಲಿಲ್ಲ. ಕಣ್ಣಮುಂದೆ ಮುಚ್ಚಳಗಳ ರಾಶಿ ಬಂದು ನಿಂತಿತು. ಮನುಷ್ಯ ಮುಳುಗುವಾಗ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಮೇಷ್ಟ್ರ ಕೈಗೆ ಆ ಗಳಿಗೆಯಲ್ಲಿ ಸಿಕ್ಕವನು ಅವರ ಅಸಿಸ್ಟೆಂಟ್.

"ನನಗಲ್ಲ ಮಾರಾಯ. ನಮ್ಮ ಚಮಚನಿಗೆ."

"ಚಮಚನಿಗೆ?"

"ಹೂಂ, ಪಾಪ. ಡಾಕ್ಟರಮ್ಮನ ಹತ್ರ ಹೋಗೋಕೂ ಅವನಿಗೆ ನಾಚಿಕೆ. ನಾನೇ ಅವನ ಪರವಾಗಿ ಹೋಗಿ ಕೇಳ್ಕೊಂಡು ಬಂದೆ. ಅವನಿಗೆ ಕೊಡೋಕೇ ಈ ಇಟ್ಟಿಗೆ. ಯಾರ ಹತ್ರಾನೂ ಹೇಳ್ಬೇಡ."

"ಛೆ, ನಾನ್ಯಾಕೆ ಹೇಳ್ಲಿ" ಎಂದು ರೇಡಿಯೋ ಬಾಯಿ ತೊಳೆಯಲು ಓಡಿದ. ಅವನು ಅಷ್ಟು ಬೇಗ ಕೆಲಸಕ್ಕೆ ಸಿದ್ಧನಾದದ್ದನ್ನು ಅವನ ಹೆಂಡತಿಯೂ ಕಂಡಿರಲಿಲ್ಲ.

ಮೇಷ್ಟ್ರು ಒಳಗೆ ಬಂದು ಇಟ್ಟಿಗೆ ಕೆಳಗಿಟ್ಟು ಉಸಿರು ಬಿಟ್ಟರೋ ಇಲ್ಲವೋ, ಎದುರು ಮನೆಯಿಂದ ಕೂಗು ಬಂತು. "ಮೇಷ್ಟ್ರೇ, ಒಟ್ಟಿಗೇ ಹೋಗೋಣ! ಇಟ್ಟಿಗೆ ಮರೀಬೇಡಿ, ಒಂದನ್ನ ನಾನು ಹಿಡ್ಕೋತೀನಿ!"

ಹೀಗಾಗಿ ಮಂಚದ ಕೆಳಗೆ ಹೋಗಬೇಕಾಗಿದ್ದ ಇಟ್ಟಿಗೆಗಳು ಬಸ್ಸು ಹತ್ತಿದವು. ಹೆಂಡತಿ ಬಾಗಿಲಲ್ಲಿ ನಿಂತು, "ಅದನ್ನೆಲ್ಲಿಗೆ ತಗೊಂಡ್ ಹೋಗ್ತೀರಿ?" ಎಂದು ಕೇಳಿದ್ದಕ್ಕೆ ಮೇಷ್ಟ್ರು ಕಣ್ಣಲ್ಲೇ ಸುಮ್ಮನಿರು ಎಂದರು. ಬಸ್ಸಿನಲ್ಲಿ ಒಂದು ಇಟ್ಟಿಗೆ ಮೇಷ್ಟ್ರ ತೊಡೆಯ ಮೇಲೆ, ಇನ್ನೊಂದು ರೇಡಿಯೋನ ತೊಡೆಯ ಮೇಲೆ. ಕಂಡಕ್ಟರು ಎರಡು ಸಲ ನೋಡಿ, ಏನೂ ಕೇಳದೆ ಮುಂದೆ ಹೋದ. ಮೇಷ್ಟ್ರ ಎದೆ ಬೆಳಗಿನ ಕಾಫಿಗೇ ಚುರುಗುಟ್ಟತೊಡಗಿತ್ತು. ಎದೆ ಉಜ್ಜಿಕೊಳ್ಳೋಣವೆಂದರೆ ಪಕ್ಕದಲ್ಲಿ ಈ ಪ್ರಾಣಿ. ಕೈಯನ್ನು ಇಟ್ಟಿಗೆಯ ಮೇಲೇ ಇಟ್ಟುಕೊಂಡು ಕೂತರು.

ರುಚಿ ಕೋಣೆಯಲ್ಲಿ ಚಮಚ ಆಗಲೇ ಬಂದು ಬಟ್ಟಲು ಒರೆಸುತ್ತಿದ್ದ. ಕೋಟಿನ ಜೇಬಿನಲ್ಲಿ ಸದಾ ಚಮಚ ಇಟ್ಟುಕೊಂಡಿರುತ್ತಾನೆಂದು ಆ ಹೆಸರು. ಬೇರೆ ಅರ್ಥದಲ್ಲಿ ಕರೆಯುವವರೂ ಇದ್ದರು. ಅವನು ಎರಡಕ್ಕೂ ಓಗೊಡುತ್ತಿದ್ದ. ಹೆಂಡತಿ ಮಕ್ಕಳಿರುವ, ಕೂದಲು ಬೆಳ್ಳಗಾಗುತ್ತಿರುವ, ಕಲ್ಲು ಕೊಟ್ಟರೂ ಅರಗಿಸಿಕೊಳ್ಳುವ ಮನುಷ್ಯ. ಕ್ಯಾಂಟೀನಿನಲ್ಲಿ ಮಿಕ್ಕಿದ್ದೆಲ್ಲ ಅವನ ತಟ್ಟೆಗೆ. ಮೇಷ್ಟ್ರ ಕುರ್ಚಿಯ ಮೇಲೆ ಅವನಿಗೆ ಕಣ್ಣಿದೆಯೆಂದು ಮೇಷ್ಟ್ರ ಅನುಮಾನ. ಅವನು ದಿನಾ ಆ ಕುರ್ಚಿಯನ್ನು ಒರೆಸುತ್ತಿದ್ದದ್ದೇ ಅದಕ್ಕೆ ಆಧಾರ.

"ತಗೋಳಯ್ಯಾ" ಎಂದು ಮೇಷ್ಟ್ರು ಇಟ್ಟಿಗೆ ಚಾಚಿದರು.

ಚಮಚ ಇಟ್ಟಿಗೆಯನ್ನೂ ಮೇಷ್ಟ್ರನ್ನೂ ನೋಡಿದ. "ಇದೇನು ಮೇಷ್ಟ್ರೇ?"

"ಎಲ್ಲಾ ಗೊತ್ತಪ್ಪಾ" ಎಂದು ಹಿಂದಿನಿಂದ ರೇಡಿಯೋ ಅವನ ಬೆನ್ನು ಸವರಿದ. "ತಲೆ ಕಡೆ ಇಡು. ನಾಚ್ಕೋಬೇಡ, ಮನುಷ್ಯನಿಗಲ್ಲದೆ ಮರಕ್ಕೆ ಬರುತ್ತಾ?"

ಚಮಚನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಮೇಷ್ಟ್ರು ಕೊಟ್ಟದ್ದನ್ನು ಬೇಡವೆಂದು ಹೇಳಿ ಅಭ್ಯಾಸವಿಲ್ಲ. ಎರಡನ್ನೂ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟು, "ಉಪಯೋಗಕ್ಕೆ ಬರುತ್ತೆ ಬಿಡಿ" ಅಂದ.

ಆಮೇಲೆ ಶುರುವಾಯಿತು ನೋಡಿ. ಮೊದಲು ಬಂದವನು ಗೇಟಿನ ವಾಚ್‌ಮನ್, ಕೈಯಲ್ಲಿ ಒಂದು ಲೋಟ ತಣ್ಣನೆಯ ಹಾಲು. "ಕುಡಿಯಣ್ಣಾ, ಉರಿ ಇಳಿಯುತ್ತೆ" ಎಂದು ಚಮಚನ ಕೈಗಿತ್ತ. ಚಮಚ ಗಟಗಟ ಕುಡಿದು ಮೀಸೆ ಒರೆಸಿಕೊಂಡ. ಪ್ಯಾಕಿಂಗ್ ವಿಭಾಗದಿಂದ ಬಾಳೆಹಣ್ಣು ಬಂತು. ಬಾಯ್ಲರ್‌ನವನು ತಾನು ಜಗಿಯಲು ಇಟ್ಟುಕೊಂಡಿದ್ದ ಸೋಂಪು ಕಾಳಿನ ಪೊಟ್ಟಣ ತಂದುಕೊಟ್ಟ. ಕ್ಯಾಂಟೀನಿನ ಅಕ್ಕ ಸೆರಗಿನಲ್ಲಿ ಮುಚ್ಚಿಕೊಂಡು ಬಿಸಿ ಗಂಜಿ ತಂದು, "ಹಿಂಗೆ ಒಳಗೊಳಗೇ ನುಂಗ್ಕೊಂಡು ಇರ್ತಾರಾ? ನಾವೇನು ಸತ್ತು ಹೋಗಿದ್ವಾ?" ಎಂದು ಕಣ್ಣೊರೆಸಿಕೊಂಡಳು. ಚಮಚ ಗಂಜಿಯನ್ನೂ ಕುಡಿದ. ಅವನ ಲೆಕ್ಕದಲ್ಲಿ ಅವತ್ತು ಯಾರದೋ ಹುಟ್ಟುಹಬ್ಬವಿರಬೇಕು.

ಮೇಷ್ಟ್ರು ತಮ್ಮ ಎತ್ತರದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಆ ಹಾಲು ಅವರದು. ಆ ಬಾಳೆಹಣ್ಣು ಅವರದು. ಆ ಗಂಜಿಯ ಒಂದೊಂದು ಗುಟುಕೂ ನ್ಯಾಯವಾಗಿ ಅವರ ಗಂಟಲಲ್ಲಿ ಇಳಿಯಬೇಕಾದದ್ದು. ಉರಿ ಇರುವವನು ಇಲ್ಲಿ, ಉಪಚಾರ ಅಲ್ಲಿ.

"ಮೇಷ್ಟ್ರೇ, ನಿಮಗೂ ಒಂದು ಬಾಳೆಹಣ್ಣು?" ಎಂದು ಚಮಚ ಕೇಳಿದ.

ರೇಡಿಯೋ ಬಾಗಿಲಲ್ಲೇ ನಿಂತಿದ್ದ. "ನನಗ್ಯಾಕಯ್ಯಾ? ನನಗೇನಾಗಿದೆ?" ಎಂದು ಮೇಷ್ಟ್ರು ಗುಡುಗಿದರು. ಗುಡುಗಿದ ರಭಸಕ್ಕೆ ಹುಳಿ ನೀರು ಗಂಟಲಿಗೆ ಬಂತು, ಅದನ್ನೂ ನುಂಗಿದರು.

ಎಲ್ಲರೂ ಹೋದಮೇಲೆ ಚಮಚ ಹತ್ತಿರ ಬಂದ. "ಮೇಷ್ಟ್ರೇ, ಏನೋ ನನಗೆ ಎದೆಯುರಿ ಅಂತಾರಲ್ಲ ಎಲ್ಲಾರೂ. ನನಗೇನೂ ಇಲ್ವಲ್ಲ?"

ಅವನ ಮುಖ ನೋಡಿ ಮೇಷ್ಟ್ರಿಗೆ ಒಂದು ಗಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಜೊತೆಗೆ ದುಡಿದವನು, ಒಂದು ದಿನ ಎದುರು ಮಾತಾಡಿದವನಲ್ಲ. ಸಂಜೆ ಹೊತ್ತಿಗೆ ಇವನು ಮುಚ್ಚಳದ ವಿಭಾಗದಲ್ಲಿರುತ್ತಾನಲ್ಲ ಎಂದು ನೆನೆದರು. ನಿಜ ಹೇಳಿಬಿಡಲೇ ಅಂದುಕೊಂಡರು. ಆದರೆ ನಿಜ ಹೇಳಿದರೆ ಅಲ್ಲಿರುವವರು ತಾವು.

"ಜನಕ್ಕೇನು, ಏನಾದ್ರೂ ಅಂತಾರೆ. ನೀನು ತಲೆ ಕೆಡಿಸ್ಕೋಬೇಡ. ಬಟ್ಟಲು ಇಡು" ಅಂದರು.

ಅವತ್ತು ಕೆಂಪು ಬ್ಯಾಚಿನ ದಿನ. ಕಾರ್ಖಾನೆಯ ಎಲ್ಲ ಸಾಸುಗಳಲ್ಲಿ ಅದೇ ಉಗ್ರ. ಕೊಪ್ಪರಿಗೆಯ ಹತ್ತಿರ ಹೋಗುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಮೇಷ್ಟ್ರು ಒಂದೊಂದೇ ಚಮಚ ನುಂಗಿದರು. ಒಂದೊಂದೂ ಎಲ್ಲೆಲ್ಲಿ ಇಳಿಯುತ್ತಿದೆಯೆಂದು ನಕ್ಷೆ ಬರೆದು ತೋರಿಸಬಹುದಾಗಿತ್ತು. ಡಾಕ್ಟರಮ್ಮನ ಮಾತು ನೆನಪಾಗಿ ಯಾರಿಗೂ ಕಾಣದಂತೆ ಕೋಟಿನೊಳಗೆ ಬೆಲ್ಟು ಸಡಿಲ ಮಾಡಿದರು. ಸ್ವಲ್ಪ ಹಾಯೆನಿಸಿತು. ಇನ್ನೊಂದು ತೂತು ಸಡಿಲ ಮಾಡಿದರು. ಇನ್ನೂ ಹಾಯೆನಿಸಿತು. ಆಸೆಗೆ ಬಿದ್ದು ಬಕಲನ್ನೇ ಬಿಚ್ಚಿದರು. ಸರಿಯಾಗಿ ಆಗಲೇ ಬಾಗಿಲು ತೆರೆದು ಮೇಡಂ ಒಳಗೆ ಬಂದರು. ಅವರ ಹಿಂದೆ ಅಕೌಂಟೆಂಟು, ಅವರ ಹಿಂದೆ ಕೆಲಸವೇನೂ ಇಲ್ಲದಿದ್ದರೂ ರೇಡಿಯೋ.

ಮೇಷ್ಟ್ರು ಎದ್ದು ನಿಂತರು. ಪ್ಯಾಂಟು ಕೂತೇ ಇರುತ್ತೇನೆಂದಿತು. ಎಡಗೈಯನ್ನು ಕೋಟಿನ ಜೇಬಿಗೆ ತೂರಿಸಿ, ಜೇಬಿನೊಳಗಿನಿಂದಲೇ ಪ್ಯಾಂಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ನೋಡುವವರಿಗೆ ಬಹಳ ಠೀವಿಯಿಂದ ನಿಂತ ಹಾಗಿತ್ತು.

"ಮೇಷ್ಟ್ರೇ," ಮೇಡಂ ನಿಧಾನವಾಗಿ ಹೇಳಿದರು, "ಮೊದಲು ನಿಮ್ಮನ್ನೇ ಕೇಳ್ತೀನಿ. ಅಪ್ಪನ ಕಾಲದಿಂದ ನುಂಗಿದೀರಿ. ನಿಮಗೆ ಎದೆಯುರಿ ಏನಾದ್ರೂ ಇದೆಯಾ? ಸಂಕೋಚ ಬೇಡ, ಹೇಳಿ."

"ನನಗಾ ಮೇಡಂ?" ಮೇಷ್ಟ್ರು ನಕ್ಕರು. ನಗು ಸ್ವಲ್ಪ ಉದ್ದವಾಯಿತು. "ಎದೆಯುರಿ ಅಂದ್ರೆ ಹೇಗಿರುತ್ತೆ ಅಂತಾನೇ ಗೊತ್ತಿಲ್ಲ!"

"ಸ್ವಲ್ಪಾನೂ ಇಲ್ವಾ? ಯಾವಾಗ್ಲಾದ್ರೂ ಒಮ್ಮೆ?"

ಮೇಡಂ ಎಲ್ಲೋ ಬಲೆ ಬೀಸುತ್ತಿದ್ದಾರೆ ಅನ್ನಿಸಿತು ಮೇಷ್ಟ್ರಿಗೆ. ಬಾಯಿಮಾತಿಗೆ ಇವರು ಜಗ್ಗುವವರಲ್ಲ. ಬಲಗೈಯಲ್ಲಿ ಕೆಂಪು ಬ್ಯಾಚಿನ ಬಟ್ಟಲನ್ನೇ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ, ಮಜ್ಜಿಗೆ ಕುಡಿದ ಹಾಗೆ ಕುಡಿದು ಕೆಳಗಿಟ್ಟರು. ಅಕೌಂಟೆಂಟು ಒಂದು ಹೆಜ್ಜೆ ಹಿಂದೆ ಸರಿದರು. ರೇಡಿಯೋ ಜೀವನದಲ್ಲಿ ಮೊದಲ ಬಾರಿಗೆ ಮೌನವಾಗಿದ್ದ. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಅದನ್ನು ಅಭಿಮಾನದ ಕಣ್ಣೀರೆಂದು ಅವರು ಎಲ್ಲರಿಗೂ ತೋರಿಸಿದರು.

"ಅಬ್ಬಾ" ಅಂದರು ಮೇಡಂ. ಅವರ ಮುಖ ಸ್ವಲ್ಪ ಸಪ್ಪಗಾಯಿತು. "ಹಾಗಾದ್ರೆ ಇವರಿಗೆ ಇದೆ ಅಂತ ಬೆಳಗ್ಗೆಯಿಂದ ಕೇಳ್ತಿದೀನಲ್ಲ, ನಿಜಾನಾ?" ಎಂದು ಚಮಚನ ಕಡೆ ತಿರುಗಿದರು.

"ಇಲ್ಲ ಮೇಡಂ, ನನಗೆ ಏನೂ..." ಚಮಚ ಶುರುಮಾಡಿದ.

"ಪಾಪ, ಹೇಳ್ಕೊಳ್ಳೋಕೆ ಸಂಕೋಚ ಅವನಿಗೆ" ಎಂದು ಮೇಷ್ಟ್ರು ನಡುವೆ ಬಾಯಿ ಹಾಕಿದರು. ಗಂಟಲಲ್ಲಿ ಕೊಳ್ಳಿ ಇಟ್ಟಂತಾಗಿತ್ತು. ಆ ಉರಿಯೇ ಅವರಿಂದ ಮಾತಾಡಿಸಿತು. "ನಾನು ಹೇಳ್ತೀನಿ ಕೇಳಿ ಮೇಡಂ. ಇಲ್ಲಿ, ಎದೆ ಮಧ್ಯದಲ್ಲಿ ಶುರುವಾಗುತ್ತೆ. ಆಮೇಲೆ ಹಾವು ಹತ್ತಿದ ಹಾಗೆ ಮೇಲಕ್ಕೆ ಹತ್ತುತ್ತೆ. ಬಗ್ಗೋ ಹಾಗಿಲ್ಲ, ಬಗ್ಗಿದ್ರೆ ಬಾಯಿಗೆ ಹುಳಿ ನೀರು. ರಾತ್ರಿ ಮಲಗಿದ ಮೇಲೆ ಒಣ ಕೆಮ್ಮು. ಎದ್ದು ಕೂತು, ಗೋಡೆ ನೋಡ್ತಾ, ಯಾವಾಗ ಬೆಳಗಾಗುತ್ತೋ ಅನ್ನಿಸುತ್ತೆ. ಪಕ್ಕದಲ್ಲಿ ಹೆಂಡತಿ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರೆ ಅವಳ ಮೇಲೂ ಸಿಟ್ಟು ಬರುತ್ತೆ. ನನ್ನ ಶತ್ರುವಿಗೂ ಬೇಡ ಮೇಡಂ ಇದು. ಅಂದ್ರೆ, ಅವನು ಅನುಭವಿಸ್ತಿರೋದು."

ಚಮಚ ಬಾಯಿ ಅರ್ಧ ತೆರೆದುಕೊಂಡು ಮೇಷ್ಟ್ರನ್ನೇ ನೋಡುತ್ತಿದ್ದ.

"ಇಟ್ಟಿಗೆ ಕೂಡ ಇಟ್ಕೊಂಡಿದಾನೆ ಮೇಡಂ, ಅಲ್ಲಿ ನೋಡಿ" ಎಂದು ರೇಡಿಯೋ ಕಿಟಕಿ ತೋರಿಸಿದ.

ಮೇಡಂ ಮುಖ ಅರಳಿತು. "ಸಿಕ್ಕಿದ್ರು ನೋಡಿ ಕೊನೆಗೂ!" ಎಂದು ಅಕೌಂಟೆಂಟ್ ಕಡೆ ತಿರುಗಿದರು. ಆಮೇಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ಸಮಾಧಾನವಾಗಿ ವಿಷಯ ಬಿಡಿಸಿದರು.

ಎದೆಯುರಿ ಇರುವವರಿಗೆಂದೇ ಒಂದು ಹೊಸ ಸಾಸ್ ತಯಾರಾಗಿತ್ತು. ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಹುಳಿ ಇಲ್ಲ. ಕುಂಬಳಕಾಯಿ, ಕ್ಯಾರೆಟ್, ಇನ್ನೇನೋ ಸೊಪ್ಪು. ಆರೋಗ್ಯವಂತರ ಕೈಲಿ ರುಚಿ ನೋಡಿಸಿದರೆ ಸಪ್ಪೆ ಎನ್ನುತ್ತಿದ್ದರು, ಅಷ್ಟೇ. ತಿಂದ ಮೇಲೆ ಉರಿಯುತ್ತದೋ ಇಲ್ಲವೋ ಎಂದು ಹೇಳಲು, ಉರಿ ಅಂದರೇನೆಂದು ಬಲ್ಲ ನಾಲಿಗೆ ಬೇಕಾಗಿತ್ತು. ಅದಕ್ಕೆಂದೇ ಹೊಸ ವಿಭಾಗ, ತೋಟದ ಕಡೆ ಕಿಟಕಿ ಇರುವ ಕೋಣೆ, ಒರಗಿಕೊಳ್ಳುವ ಮೆತ್ತನೆಯ ಕುರ್ಚಿ, ಮುಖ್ಯ ರುಚಿಗಾರ ಎಂಬ ಹೆಸರು. ಡಾಕ್ಟರ ಖರ್ಚು ಕಾರ್ಖಾನೆಯದು. ಖಾರದ ಬಟ್ಟಲು ಮುಟ್ಟುವ ಹಾಗೇ ಇಲ್ಲ.

"ಅಪ್ಪನಿಗೂ ಇತ್ತು ಈ ಕಾಯಿಲೆ, ಕೊನೆಗಾಲದಲ್ಲಿ ಒಂದು ತೊಟ್ಟು ಸಾಸಿಗೆ ಆಸೆಪಡ್ತಿದ್ರು. ಹುದ್ದೆ ವಿಷಯ ಮೊದಲೇ ಹೇಳಿದ್ದಿದ್ರೆ ಇಡೀ ಕಾರ್ಖಾನೆಗೇ ಎದೆಯುರಿ ಬರ್ತಿತ್ತು, ಅದಕ್ಕೆ ಗುಟ್ಟಾಗಿ ವಿಚಾರಿಸಿದೆ. ನಿಜ ಹೇಳ್ಬೇಕಂದ್ರೆ ನಿಮಗೇ ಕೊಡ್ಬೇಕು ಅಂತಿದ್ದೆ ಮೇಷ್ಟ್ರೇ. ಆದ್ರೆ ನಿಮ್ಮದು ಕಬ್ಬಿಣದ ಹೊಟ್ಟೆ."

ಮೇಷ್ಟ್ರ ಕಿವಿಯಲ್ಲಿ ಗುಂಯ್ ಎಂದಿತು. ತೋಟದ ಕಡೆಯ ಕಿಟಕಿ, ಮೆತ್ತನೆಯ ಕುರ್ಚಿ, ತಣ್ಣನೆಯ ಕುಂಬಳಕಾಯಿ. "ಮೇಡಂ," ಅಂದರು, ದನಿ ಕರಕಲಾಗಿತ್ತು, "ನನಗೂ... ಸ್ವಲ್ಪ... ಇದೆ. ಎದೆಯುರಿ."

ಮೇಡಂ ಮನಸಾರೆ ನಕ್ಕರು. "ಈಗ ತಾನೆ ಒಂದು ಬಟ್ಟಲು ಬೆಂಕಿ ಕುಡಿದ್ರಲ್ಲ ಮೇಷ್ಟ್ರೇ!"

"ಅದು ಸುಮ್ನೆ. ನಿಜವಾಗ್ಲೂ ಇದೆ ಮೇಡಂ. ನನಗೇ ಇರೋದು. ಇಟ್ಟಿಗೆ ನನ್ನದು!"

"ಬೆಳಗ್ಗೆ ನನ್ನ ಹತ್ರ ಅವನಿಗೇ ಅಂದ್ರಲ್ಲ? ಒಂದನ್ನ ನಾನೇ ಹೊತ್ಕೊಂಡು ಬಂದಿದೀನಿ" ಎಂದು ರೇಡಿಯೋ ಪ್ರಾಮಾಣಿಕವಾಗಿ ಸಾಕ್ಷಿ ನುಡಿದ. "ಬಾಳೆಹಣ್ಣು ಕೊಟ್ರೆ ನನಗೇನಾ‌ಗಿದೆ ಅಂತ ರೇಗಿದ್ರಿ."

"ಬೇಜಾರು ಮಾಡ್ಕೋಬೇಡಿ" ಮೇಡಂ ಮೃದುವಾಗಿ ಅಂದರು. "ಅಸಿಸ್ಟೆಂಟ್ ಮೇಲೆ ಹೋಗ್ತಾನಲ್ಲ ಅಂತ ಅನ್ಸೋದು ಸಹಜ. ಅದಕ್ಕೆಲ್ಲ ಇಲ್ಲದ ಕಾಯಿಲೆ ಹೇಳ್ಕೋಬಾರದು. ನಿಮ್ಮ ಕುರ್ಚಿ ಎಲ್ಲಿಗೂ ಹೋಗಲ್ಲ. ಇವರು ಆ ಕಡೆ ಹೋದ ಮೇಲೆ ಖಾರದ ಬ್ಯಾಚೆಲ್ಲ ನಿಮ್ಮೊಬ್ಬರದೇ. ಮುಂದಿನ ತಿಂಗಳು ಕೆಂಪಿಗಿಂತ ಖಾರದ್ದೊಂದು ಬರ್ತಾ ಇದೆ, ನಿಮ್ಮನ್ನ ನಂಬಿಯೇ ಮಾಡಿಸ್ತಿರೋದು." ಹೀಗೆ ಹೇಳಿ ಚಮಚನ ಕಡೆ ನೋಡಿದರು. "ಏನ್ರೀ, ನಿಮಗೆ ಒಪ್ಪಿಗೆ ತಾನೇ?"

ಚಮಚ ಒಮ್ಮೆ ಮೇಷ್ಟ್ರನ್ನು, ಒಮ್ಮೆ ಮೇಡಂ ಅವರನ್ನು ನೋಡಿ, ನಿಧಾನವಾಗಿ ಕೈಯೆತ್ತಿ ಎದೆಯ ಮೇಲಿಟ್ಟುಕೊಂಡ. ಮೊದಲು ಬಲಭಾಗಕ್ಕೆ ಇಟ್ಟ. ಮೇಷ್ಟ್ರು ತೋರಿಸಿದ ಜಾಗ ನೆನಪಾಗಿ ನಡುವಿಗೆ ಸರಿಸಿಕೊಂಡ.

"ಹೌದು ಮೇಡಂ. ಹಾವು ಹತ್ತಿದ ಹಾಗೆ" ಅಂದ.

ಸಂಜೆ ಮೇಷ್ಟ್ರು ಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಒರಗಿದರೆ ಉರಿ, ಬಗ್ಗಿದರೆ ಉರಿ. ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ್ದರು. ಅವಳು ಬಯ್ಯಲಿಲ್ಲ. ಹಾಲು ತಣ್ಣಗೆ ಮಾಡಿ ತಂದುಕೊಟ್ಟು, ಪಕ್ಕದಲ್ಲಿ ಕೂತು, "ನಿಮಗೆ ಸಿಗೋದನ್ನ ನೀವೇ ಕಟ್ಟಿ ಕೊಟ್ಟು ಬಂದ್ರಲ್ಲ" ಅಂದಳಷ್ಟೇ. ಬಯ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ.

ಬಾಗಿಲು ತಟ್ಟಿದ ಸದ್ದಾಯಿತು. ಚಮಚ. ಕೈಯಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ. ಒಳಗೆ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತೇವವಾಗಿತ್ತು.

"ಮೇಷ್ಟ್ರೇ, ನನ್ನ ಮೇಲೆ ನಿಮಗೆ ಇಷ್ಟು ಪ್ರೀತಿ ಅಂತ ಗೊತ್ತಿರಲಿಲ್ಲ. ನಿಮಗೆ ಬರಬೇಕಾಗಿದ್ದನ್ನ ನನಗೆ ಬಿಟ್ಟುಕೊಟ್ರಿ. ನಮ್ಮನೆಯವಳು ಅಳ್ತಾ ಕೂತಿದಾಳೆ."

ಮೇಷ್ಟ್ರು ಕೈ ಬಿಡಿಸಿಕೊಂಡು ಹಾಲಿನ ಲೋಟ ಎತ್ತಿಕೊಂಡರು. "ಅದೇನಯ್ಯಾ, ನನಗೆ ಬರಬೇಕಾಗಿದ್ದು ಅಂತೀಯ?"

"ನಾನೇನು ದಡ್ಡನಾ ಮೇಷ್ಟ್ರೇ? ಕೇಳಿ ತಿಳ್ಕೊಂಡೋರು ಹಾಗೆ ಹೇಳೋಕಾಗಲ್ಲ. ಪಕ್ಕದಲ್ಲಿ ಮಲಗಿರೋ ಹೆಂಡತಿ ಮೇಲೆ ಸಿಟ್ಟು ಬರುತ್ತೆ ಅಂದಾಗಲೇ ಗೊತ್ತಾಯ್ತು."

ಮೇಷ್ಟ್ರ ಹೆಂಡತಿ ಗಂಡನ ಕಡೆ ತಿರುಗಿ ನೋಡಿದಳು. ಮೇಷ್ಟ್ರು ಹಾಲಿನ ಲೋಟದೊಳಗೆ ನೋಡಿದರು.

"ಯಾರಿಗೂ ಹೇಳಲ್ಲ, ನನ್ನಾಣೆ" ಎಂದು ಚಮಚ ಮುಂದುವರಿಸಿದ. "ಆದ್ರೆ ಒಂದು ತೊಂದರೆ ಆಗಿದೆ. ಇದು ಹೊಸ ಸಾಸು. ನಾಳೆ ಬೆಳಗ್ಗೆ ಮೇಡಂ ಉರೀತಾ ಇಲ್ವಾ ಅಂತ ಕೇಳ್ತಾರೆ. ನನಗೆ ಏನು ತಿಂದ್ರೂ ಏನೂ ಆಗಲ್ಲ. ನೀವು ಒಂದೆರಡು ಚಮಚ ನುಂಗಿ, ಸ್ವಲ್ಪ ಹೊತ್ತು ಕೂತು, ಹೇಗಿದೆ ಅಂತ ಹೇಳಿಬಿಡಿ. ನಾನು ಅದನ್ನೇ ಹೋಗಿ ಹೇಳ್ತೀನಿ. ದಿನಾ ಸಂಜೆ ನಾನೇ ಬರ್ತೀನಿ, ನೀವು ಎಲ್ಲೂ ಓಡಾಡ್ಬೇಡಿ."

"ಅಂದ್ರೆ ಹುದ್ದೆ ನಿಮ್ಮದು, ಉರಿ ನಮ್ಮದು" ಅಂದಳು ಹೆಂಡತಿ.

"ಹಾಗೇ ಅಕ್ಕಾ" ಎಂದು ಚಮಚ ಸಂತೋಷದಿಂದ ಒಪ್ಪಿಕೊಂಡ.

ಒಲ್ಲೆ ಅನ್ನೋಣವೆಂದರೆ ಗುಟ್ಟು ಅವನ ಕೈಯಲ್ಲಿದೆ. ಗುಟ್ಟು ಹೊರಬಿದ್ದರೆ ಮೇಡಂ ಮುಂದೆ ಇಬ್ಬರೂ ಸುಳ್ಳರು, ಇಬ್ಬರಿಗೂ ಮುಚ್ಚಳ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಬಾಯಿ ತೆರೆದರು. ಚಮಚ ಡಬ್ಬಿಯಿಂದ ಒಂದು ಚಮಚ ತೆಗೆದು, ಮಗುವಿಗೆ ತಿನ್ನಿಸುವ ಹಾಗೆ, ಬಾಯಿಗಿಟ್ಟ. ಮೇಷ್ಟ್ರು ನುಂಗಿದರು. ಮೂವರೂ ಸುಮ್ಮನೆ ಕೂತು ಕಾದರು.

"ಹೇಗಿದೆ ಮೇಷ್ಟ್ರೇ?"

"ಉರೀತಿದೆ ಕಣಯ್ಯಾ."

ಚಮಚನ ಮುಖ ಗಂಭೀರವಾಯಿತು. "ಇದಕ್ಕಾ, ಮಧ್ಯಾಹ್ನ ಕುಡಿದ್ರಲ್ಲ ಅದಕ್ಕಾ?"

ಮೇಷ್ಟ್ರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಯೋಚಿಸಿದರು. ಅವರಿಗೂ ಹೇಳಲಾಗಲಿಲ್ಲ.

"ಪರವಾಗಿಲ್ಲ, ಇನ್ನೊಂದು ಚಮಚ ನೋಡಿ" ಎಂದು ಚಮಚ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡ.